ಕಿಡಿಗೂ ಉಂಟು ಒಂದು ದಿಕ್ಕು

ಕಲ್ಲು, ಕೆಸರು, ಮರಳು ಎನ್ನದೆ ನುಗ್ಗುವುದು 'ಆಲ್ ಟೆರೇನ್' ವಾಹನದ ಗುಣ. ಅದರ ಇಗ್ನಿಷನ್ ಕಾಯಿಲ್‌ಗೆ ಬರುವ ಎರಡು ತಂತಿಗಳನ್ನು ಅದಲು ಬದಲು ಮಾಡಿದರೂ ಸಾಮಾನ್ಯವಾಗಿ ಕಿಡಿ ಹಾರುತ್ತದೆ, ಎಂಜಿನ್ ಓಡುತ್ತದೆ. ಹಾಗಿದ್ದರೆ ಪ್ಲಸ್ ಯಾವುದು, ಮೈನಸ್ ಯಾವುದು ಎಂದು ತಲೆ ಕೆಡಿಸಿಕೊಳ್ಳುವುದೇಕೆ? ಈ ಪ್ರಶ್ನೆಯ ಹಿಂದೆ ದೊಡ್ಡದೊಂದು ಇತಿಹಾಸವೇ ಇದೆ.

1836ರಲ್ಲಿ ಐರ್ಲೆಂಡಿನ ಮೇನೂತ್ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ ಪಾದ್ರಿ ನಿಕೋಲಸ್ ಕ್ಯಾಲನ್, ಕಬ್ಬಿಣದ ತಿರುಳಿನ ಮೇಲೆ ಎರಡು ಸುರುಳಿ ಸುತ್ತಿದರು. ದಪ್ಪ ತಂತಿಯ ಸುರುಳಿಗೆ ಬ್ಯಾಟರಿಯಿಂದ ವಿದ್ಯುತ್ ಹಾಯಿಸಿ ಥಟ್ಟನೆ ತಡೆದರೆ, ತೆಳು ತಂತಿಯ ಸುರುಳಿಯಲ್ಲಿ ಭಾರಿ ವೋಲ್ಟೇಜ್ ಹುಟ್ಟುತ್ತಿತ್ತು. ಇಂದಿನ ಕಾಯಿಲ್ ಇದರದೇ ವಂಶದ ಕುಡಿ. ಅಮೆರಿಕದ ಚಾರ್ಲ್ಸ್ ಕೆಟರಿಂಗ್ ರೂಪಿಸಿದ ಬ್ಯಾಟರಿ ಇಗ್ನಿಷನ್ 1910ರಲ್ಲಿ ಕ್ಯಾಡಿಲಾಕ್ ಕಾರುಗಳನ್ನು ಸೇರಿತು.

ದಿಕ್ಕಿನ ಗುಟ್ಟು ಹೊರಬಿದ್ದದ್ದು ಮಾತ್ರ ವಿದ್ಯುತ್ ದೀಪದಿಂದ. ಬಲ್ಬಿನೊಳಗಿನ ಕಾದ ಎಳೆಯಿಂದ ಬರಿದಾದ ಜಾಗದಲ್ಲೂ ವಿದ್ಯುತ್ ಹರಿಯುವುದನ್ನು ಗಮನಿಸಿದ ಎಡಿಸನ್, 1883ರಲ್ಲಿ ಅದನ್ನು ಬಳಸುವ ಉಪಕರಣಕ್ಕೆ ಪೇಟೆಂಟ್ ಅರ್ಜಿ ಹಾಕಿದರು. ಹಾಗೆ ಹೊರಟದ್ದು ಏನು? 1897ರಲ್ಲಿ ಜೆ.ಜೆ. ಥಾಮ್ಸನ್ ಎಲೆಕ್ಟ್ರಾನನ್ನು ಗುರುತಿಸಿದ ಮೇಲೆ ಉತ್ತರ ಸಿಕ್ಕಿತು. ಕಾದ ಲೋಹ ಎಲೆಕ್ಟ್ರಾನುಗಳನ್ನು ಸುಲಭವಾಗಿ ಬಿಟ್ಟುಕೊಡುತ್ತದೆ. ಇದರ ನಿಯಮ ಕಂಡುಹಿಡಿದ ಓವನ್ ರಿಚರ್ಡ್‌ಸನ್ ಅವರಿಗೆ 1928ರ ನೊಬೆಲ್ ಬಹುಮಾನ ಸಂದಿತು.

ಸ್ಪಾರ್ಕ್ ಪ್ಲಗ್‌ಗೂ ಇದೇ ನ್ಯಾಯ. ಪಿಂಗಾಣಿಯ ಮಧ್ಯೆ ಕುಳಿತ ನಡುಗಡ್ಡಿ ಹೊರಗಡ್ಡಿಗಿಂತ ಹೆಚ್ಚು ಕಾಯುತ್ತದೆ. ನಡುಗಡ್ಡಿ ಮೈನಸ್ ಆಗಿದ್ದರೆ ಎಲೆಕ್ಟ್ರಾನುಗಳು ಕಾದ ಕಡೆಯಿಂದ ಜಿಗಿಯುತ್ತವೆ, ಕಡಿಮೆ ವೋಲ್ಟೇಜ್ ಸಾಕು. ತಂತಿ ಅದಲು ಬದಲಾದರೆ ತಣ್ಣಗಿನ ಕಡೆಯಿಂದ ಜಿಗಿಯಬೇಕು, ಕಾಯಿಲ್ ಹೆಚ್ಚು ಹೆಣಗಬೇಕು.

ಈ ಗೊಂದಲ ಬ್ರಿಟಿಷ್ ಕಾರುಗಳನ್ನೂ ಬಿಡಲಿಲ್ಲ. ಅವುಗಳಲ್ಲಿ ಹಲವಕ್ಕೆ ದಶಕಗಳ ಕಾಲ ಬ್ಯಾಟರಿಯ ಪ್ಲಸ್ ತುದಿಯನ್ನೇ ಚಾಸಿಸ್‌ಗೆ ಜೋಡಿಸುತ್ತಿದ್ದರು. 1960ರ ದಶಕದಲ್ಲಿ ಮೈನಸ್ ತುದಿಗೆ ಬದಲಾದರು. ಹಳೆಯ ಕಾರನ್ನು ಹೊಸ ಪದ್ಧತಿಗೆ ತರುವಾಗ ಕಾಯಿಲ್‌ನ ತಂತಿಗಳನ್ನೂ ಬದಲಿಸಬೇಕು. ಮರೆತರೆ ಕಿಡಿ ತಿರುಗುಮುರುಗು!

1970ರಲ್ಲಿ ಹೋಂಡಾ ಅಮೆರಿಕದಲ್ಲಿ ತನ್ನ ಮೂರು ಚಕ್ರದ ಆಲ್ ಟೆರೇನ್ ವಾಹನವನ್ನು ಮಾರಾಟಕ್ಕೆ ಬಿಟ್ಟಿತು. ಮುಂದೆ ಇಂಥ ವಾಹನಗಳಲ್ಲಿ ಪಾಯಿಂಟ್‌ಗಳ ಜಾಗಕ್ಕೆ ಸಿಡಿಐ ಎಂಬ ಎಲೆಕ್ಟ್ರಾನಿಕ್ ಪೆಟ್ಟಿಗೆ ಬಂತು. ಕಾಯಿಲ್‌ನ ಒಂದು ತುದಿ ಅದಕ್ಕೆ, ಇನ್ನೊಂದು ಚಾಸಿಸ್‌ಗೆ. ಕಿಡಿಯ ಸ್ವಭಾವ ಮಾತ್ರ ಬದಲಾಗಿಲ್ಲ.

ಬೆಚ್ಚಗಿನ ಮಧ್ಯಾಹ್ನ ಹೊಸ ಪ್ಲಗ್ ಹಾಕಿ ಹೊರಟವರಿಗೆ ಈ ತಪ್ಪು ಗೊತ್ತೇ ಆಗದು. ಪ್ಲಗ್ ಸವೆದು, ಚಳಿ ಬಿದ್ದು, ಊರಿನಿಂದ ದೂರದ ಗುಡ್ಡದ ಮೇಲೆ ಸ್ಟಾರ್ಟ್ ಮಾಡಬೇಕಾದಾಗ ಅದು ಕೈಕೊಡುತ್ತದೆ. ಕಾರ್ಬ್ಯುರೇಟರ್ ಬಿಚ್ಚಿ ಹಣ ಸುರಿಯುವ ಮುನ್ನ, ವೈರಿಂಗ್ ನಕ್ಷೆ ತೆರೆದು ಆ ಎರಡು ತಂತಿಗಳ ಬಣ್ಣ ನೋಡುವುದು ಜಾಣತನ.