ನೆಲದಾಮೆಯ ಗೃಹಾವಾಸ

ನೆಲದಾಮೆಯ ಗೃಹಾವಾಸ: ಶೀತದೇಶಗಳಲ್ಲಿ ಸಾಕುವ ಭೂಚರ ಕೂರ್ಮಗಳಿಗೆ, ವಿಶೇಷವಾಗಿ ಮೆಡಿಟರೇನಿಯನ್ ಪ್ರಾಂತದ ಹರ್ಮನ್ ಆಮೆಗೆ, ಮನೆಯೊಳಗೆ ಏರ್ಪಡಿಸುವ ವಾಸಸ್ಥಾನ. ಸ್ಪೇನಿನಿಂದ ಬಾಲ್ಕನ್ ದೇಶಗಳವರೆಗಿನ ಬಿಸಿಲ ಕುರುಚಲು ಕಾಡುಗಳಲ್ಲಿ ಬದುಕುವ ಈ ಪ್ರಾಣಿ ತನ್ನ ಮೈಶಾಖವನ್ನು ತಾನೇ ಉತ್ಪಾದಿಸಿಕೊಳ್ಳಲಾರದು. ಬಿಸಿಲಿಗೆ ಬಂದು ಕಾಯುವುದು, ನೆರಳಿಗೆ ಸರಿದು ತಣಿಯುವುದು, ಇವೆರಡರ ನಡುವಣ ಸಂಚಾರವೇ ಅದರ ದಿನಚರಿ. ಆದಕಾರಣ ಆವಾಸವೆಲ್ಲವೂ ಒಂದೇ ಸಮನೆ ಬೆಚ್ಚಗಿರಬೇಕೆಂದು ಭಾವಿಸುವುದು, ಹೊಸದಾಗಿ ಆಮೆಯನ್ನು ತಂದವರು ಸದ್ಭಾವದಿಂದಲೇ ಎಸಗುವ ಪ್ರಮಾದ.

ಆಮೆಗೆ ಶಾಖದ ಆಯ್ಕೆ ಎಷ್ಟು ಚೆನ್ನಾಗಿ ತಿಳಿದಿದೆ ಎಂಬುದಕ್ಕೆ ಹಳೆಯ ಸಾಕ್ಷ್ಯವೊಂದುಂಟು. ಇಂಗ್ಲೆಂಡಿನ ಸೆಲ್ಬೋರ್ನ್ ಗ್ರಾಮದ ಪಾದ್ರಿಯೂ ಪ್ರಕೃತಿಶಾಸ್ತ್ರಜ್ಞನೂ ಆಗಿದ್ದ ಗಿಲ್ಬರ್ಟ್ ವೈಟನು (1720–1793), ಸೋದರತ್ತೆಯ ಮನೆಯಲ್ಲಿ ಬಹುಕಾಲ ಬಾಳಿದ್ದ ಟಿಮೊಥಿ ಎಂಬ ಆಮೆಯನ್ನು 1780ರ ಮಾರ್ಚ್ ತಿಂಗಳಲ್ಲಿ ಅದರ ಚಳಿಗಾಲದ ಬಿಲದಿಂದ ಅಗೆದು ತೆಗೆಸಿ, ಕುದುರೆಬಂಡಿಯಲ್ಲಿ ತನ್ನ ತೋಟಕ್ಕೆ ತಂದನು. ಹರ್ಮನ್ ಆಮೆಯ ಸಮೀಪಬಂಧುವಾದ ಈ ಜೀವಿಯು ಶರತ್ಕಾಲದ ಕ್ಷೀಣವಾದ ಬಿಸಿಲಿನಲ್ಲಿ ಗೋಡೆಯನ್ನು ಆಶ್ರಯಿಸಿ, ಚಿಪ್ಪನ್ನು ಅದಕ್ಕೆ ಓರೆಯಾಗಿ ಆನಿಸಿ ಕಿರಣಗಳನ್ನು ಸಂಗ್ರಹಿಸಿಕೊಳ್ಳುತ್ತಿದ್ದುದನ್ನೂ, ಮಳೆಗೆ ಅತಿಯಾಗಿ ಅಂಜುತ್ತಿದ್ದುದನ್ನೂ ಅವನು ಬರೆದಿಟ್ಟಿದ್ದಾನೆ. (ಗಂಡೆಂದೇ ನಂಬಿದ್ದ ಟಿಮೊಥಿ ಹೆಣ್ಣೆಂಬುದು ಸತ್ತ ಮೇಲೆ ತಿಳಿಯಿತು; ಚಿಪ್ಪು ಇಂದಿಗೂ ಲಂಡನ್ನಿನ ವಸ್ತುಸಂಗ್ರಹಾಲಯದಲ್ಲಿದೆ.) ವೈಟನ ತೋಟದಲ್ಲಿ ಬಿಸಿಲೂ ಗೋಡೆಯೂ ಮಾಡಿದ ಕೆಲಸವನ್ನು ಮನೆಯೊಳಗೆ ದೀಪ, ಮಣ್ಣು, ಕಲ್ಲುಗಳು ಮಾಡತಕ್ಕದ್ದು.

ಗಾಜಿನ ತೊಟ್ಟಿಗಿಂತ ಮೇಲ್ಭಾಗ ತೆರೆದಿರುವ ಅಗಲವಾದ ಮರದ ಪೆಟ್ಟಿಗೆ ಉತ್ತಮ. ಏಕೆಂದರೆ ಗಾಜು ಕಣ್ಣಿಗೆ ದಾರಿಯಾಗಿ ತೋರಿ ಮೈಗೆ ಅಡ್ಡವಾಗುವುದರಿಂದ, ಆಮೆ ಅದನ್ನು ದಿನವಿಡೀ ಕೆರೆಯುತ್ತ ಬಳಲುತ್ತದೆ. ಮರಿಗೆ 120 ಸೆಂ.ಮೀ. ಉದ್ದ, 60 ಸೆಂ.ಮೀ. ಅಗಲದ ನೆಲ ಸಾಕು. ಬೆಳೆದದ್ದಕ್ಕೆ ಇದು ಸಾಲದು, ಬೇಸಗೆಯಲ್ಲಿ ತೋಟವೇ ಬೇಕು. ಪೆಟ್ಟಿಗೆಯ ಒಂದು ತುದಿಯಲ್ಲಿ ದೀಪದ ಕೆಳಗೆ 32ರಿಂದ 35 ಡಿಗ್ರಿ ಸೆಲ್ಸಿಯಸ್ ಶಾಖವಿದ್ದು, ಮತ್ತೊಂದು ತುದಿ 20ರ ಆಸುಪಾಸಿನಲ್ಲಿ ತಂಪಾಗಿರಬೇಕು. ಅಡಗುವ ಗೂಡು ಎರಡು ಕಡೆಯೂ ಇರಬೇಕು, ಇಲ್ಲವಾದರೆ ಪ್ರಾಣಿಯು ಮರೆಗೋಸ್ಕರ ಶಾಖವನ್ನೋ ಶಾಖಕ್ಕೋಸ್ಕರ ಮರೆಯನ್ನೋ ತ್ಯಜಿಸಬೇಕಾಗುವುದು.

ದೀಪದ ವಿಷಯದಲ್ಲಿಯೇ ಹೆಚ್ಚಿನ ಅನರ್ಥಗಳು ಸಂಭವಿಸುತ್ತವೆ. ಸಾಮಾನ್ಯ ಬಲ್ಬು ಶಾಖವನ್ನು ಕೊಡುತ್ತದೆಯೇ ಹೊರತು, ಚರ್ಮದಲ್ಲಿ ಡಿ3 ಜೀವಸತ್ತ್ವವನ್ನು ಹುಟ್ಟಿಸುವ, ಸುಮಾರು 290ರಿಂದ 315 ನ್ಯಾನೊಮೀಟರ್ ತರಂಗಾಂತರದ ನೇರಳಾತೀತ ಕಿರಣಗಳನ್ನು ಕೊಡುವುದಿಲ್ಲ. ಆ ಸತ್ತ್ವವಿಲ್ಲದೆ ಆಹಾರದ ಸುಣ್ಣಾಂಶ ಮೈಗೆ ಹತ್ತದು, ಚಿಪ್ಪು ಮೆತ್ತಗಾಗಿ ಎಲುಬು ಡೊಂಕಾಗುತ್ತದೆ. ಕಿಟಕಿಯ ಬಳಿ ಇಟ್ಟರಾಯಿತೆನ್ನುವಂತಿಲ್ಲ, ಗಾಜು ಈ ಕಿರಣಗಳನ್ನು ತಡೆಯುವುದು. ಇದಕ್ಕೆಂದೇ ಮಾಡಿದ ದೀಪವು ಬೆಳಗುತ್ತಿದ್ದರೂ ಕಾಲಕ್ರಮದಲ್ಲಿ ಅದರ ಕಿರಣಸತ್ತ್ವ ಕುಂದುವುದರಿಂದ, ಆರು ತಿಂಗಳಿಂದ ಒಂದು ವರ್ಷದೊಳಗೆ ಬದಲಾಯಿಸುವುದು ವಾಡಿಕೆ.

ನೆಲಕ್ಕೆ ಗೊಬ್ಬರ ಬೆರೆಸದ ತೋಟದ ಮಣ್ಣೂ ಮರಳೂ ಸೇರಿದ ಹಾಸು, ಮರಿ ಹೂತುಕೊಳ್ಳುವಷ್ಟು ಆಳವಾಗಿ, ತಳದಲ್ಲಿ ಕೊಂಚ ತೇವವಾಗಿ ಇರಬೇಕು. ಒಣಹವೆಯಲ್ಲಿ ಬೆಳೆದ ಮರಿಗಳ ಚಿಪ್ಪಿನ ಫಲಕಗಳು ಗೋಪುರಗಳಂತೆ ಉಬ್ಬುತ್ತವೆ. ದೀಪದಡಿ ಚಪ್ಪಟೆ ಕಲ್ಲೊಂದಿರಲಿ, ಕಡಿದಾದದ್ದು ಬೇಡ: ಆಮೆಯ ಶ್ವಾಸಕೋಶಗಳು ಬೆನ್ನುಚಿಪ್ಪಿನ ಒಳಮೈಗೆ ತಾಗಿಕೊಂಡಿರುವುದರಿಂದ, ಅಂಗಾತ ಬಿದ್ದಾಗ ಒಳಾಂಗಗಳ ಭಾರವೆಲ್ಲ ಅವುಗಳ ಮೇಲೆ ಬೀಳುತ್ತದೆ, ಮೇಲೆ ದೀಪವೂ ಸುಡುತ್ತಿದ್ದರೆ ಪ್ರಾಣಾಪಾಯ. ತಟ್ಟೆಯಲ್ಲಿ ನೀರು, ಹುಲ್ಲು ಕಳೆಗಳ ಎಲೆ, ಸುಣ್ಣಾಂಶಕ್ಕೆ ಸಮುದ್ರಫೇನದ ತುಂಡು, ಇಷ್ಟಿದ್ದರೆ ಆಹಾರದ ಮಾತು ಮುಗಿಯಿತು.

ಆವಾಸವನ್ನು ಏರ್ಪಡಿಸುವ ಮುನ್ನ ಕಾನೂನನ್ನೂ ಗಮನಿಸಬೇಕು. ಹರ್ಮನ್ ಆಮೆಗೆ ಐರೋಪ್ಯ ಒಕ್ಕೂಟದ ದೇಶಗಳಲ್ಲಿ ಮಾರಾಟದ ಪ್ರಮಾಣಪತ್ರ ಅವಶ್ಯ. ಭಾರತದಲ್ಲಿ, ಕರ್ನಾಟಕದ ಬಯಲುಸೀಮೆಯ ಕುರುಚಲಿನಲ್ಲಿಯೂ ಕಾಣಬರುವ ನಕ್ಷತ್ರ ಆಮೆಯನ್ನು ಹಿಡಿಯುವುದೂ ಮಾರುವುದೂ ಮನೆಯಲ್ಲಿಟ್ಟುಕೊಳ್ಳುವುದೂ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೇರೆಗೆ ಅಪರಾಧ. 2019ರಲ್ಲಿ ಅದರ ಅಂತರರಾಷ್ಟ್ರೀಯ ವ್ಯಾಪಾರವೂ ನಿಷೇಧಕ್ಕೊಳಗಾಯಿತು. ಮೇಲೆ ವಿವರಿಸಿದ ಆವಾಸವು ಅದಕ್ಕೆ ಹೊಂದುವಂಥದೂ ಅಲ್ಲ, ಟಿಮೊಥಿ ಅಂಜುತ್ತಿದ್ದ ಮಳೆಗಾಲದಲ್ಲಿಯೇ ನಕ್ಷತ್ರ ಆಮೆ ಚುರುಕಾಗಿ ಓಡಾಡುವುದು.