ನಾಸ್ತಿಕನ ಮಾತನ್ನು ಕೇಳಿದವರು: ಪ್ರದೇಶಿ ರಾಜನಿಂದ ಗೋರಾ ಅವರವರೆಗೆ

ಭಾರತೀಯ ದರ್ಶನಗಳನ್ನು ವಿಂಗಡಿಸುವಾಗ ವೇದಪ್ರಾಮಾಣ್ಯವನ್ನು ಒಪ್ಪದವುಗಳನ್ನು ನಾಸ್ತಿಕ ದರ್ಶನಗಳೆಂದು ಕರೆಯುವ ರೂಢಿ ಬಹುಕಾಲದಿಂದ ಇದೆ. ಆ ಪಟ್ಟಿಯಲ್ಲಿ ಚಾರ್ವಾಕ, ಬೌದ್ಧಗಳ ಜೊತೆಗೆ ಜೈನದರ್ಶನವೂ ಸೇರಿದೆ. ಜಗತ್ಕರ್ತನಾದ ಈಶ್ವರನನ್ನು ನಾವು ಒಪ್ಪುವುದಿಲ್ಲವೆಂಬುದು ನಿಜ. ಆದರೆ ಆತ್ಮ, ಕರ್ಮ, ಪುನರ್ಜನ್ಮ, ಮೋಕ್ಷಗಳನ್ನು ಒಪ್ಪುವವರು ನಾಸ್ತಿಕರು ಹೇಗಾದಾರು ಎಂದು ನಮ್ಮವರು ಉತ್ತರಿಸುತ್ತ ಬಂದಿದ್ದಾರೆ. ಅನ್ಯರು ಹಚ್ಚಿದ ಈ ಹೆಸರಿನ ಭಾರವನ್ನು ಇಷ್ಟು ಕಾಲ ಹೊತ್ತ ನಾವು, ನಮ್ಮ ಮನೆಯಲ್ಲೇ ಒಬ್ಬನು 'ನನಗೆ ಇದರಲ್ಲಿ ನಂಬಿಕೆ ಉಳಿದಿಲ್ಲ' ಎಂದಾಗ ಹೇಗೆ ನಡೆದುಕೊಳ್ಳುತ್ತೇವೆ? ಈ ಪ್ರಶ್ನೆಯನ್ನು ಮನಸ್ಸಿನಲ್ಲಿರಿಸಿಕೊಂಡು ಹಳೆಯ ಮತ್ತು ಈಚಿನ ಕೆಲವು ಸಂವಾದಗಳನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಶ್ವೇತಾಂಬರ ಆಗಮಗಳಲ್ಲಿ ಎರಡನೆಯ ಉಪಾಂಗವೆನಿಸಿದ 'ರಾಯಪಸೇಣಿಯ'ದಲ್ಲಿ ಪ್ರದೇಶಿ ರಾಜನ ವೃತ್ತಾಂತ ಬರುತ್ತದೆ. ಪ್ರಾಕೃತದಲ್ಲಿ ಅವನ ಹೆಸರು ಪಏಸಿ. ಶ್ವೇತಾಂಬಿಕಾ ನಗರದ ಈ ಅರಸನು ದೇಹವೇ ಜೀವ, ಜೀವವೇ ದೇಹ, ಇವೆರಡೂ ಬೇರೆಯಲ್ಲ ಎಂದು ನಂಬಿದ್ದವನು. ಅವನ ಸಾರಥಿ ಚಿತ್ತನು ರಾಜಕಾರ್ಯಕ್ಕಾಗಿ ಶ್ರಾವಸ್ತಿಗೆ ಹೋದಾಗ ಪಾರ್ಶ್ವನಾಥರ ಪರಂಪರೆಯ ಕೇಶಿ ಕುಮಾರಶ್ರಮಣರ ಉಪದೇಶವನ್ನು ಕೇಳಿ ಶ್ರಾವಕನಾದನು. ತನ್ನ ಊರಿಗೆ ಬರಬೇಕೆಂದು ಅವರನ್ನು ಬೇಡಿಕೊಂಡನು. ಕೇಶಿಯವರು ಬಂದ ಮೇಲೆ, ಹೊಸ ಕುದುರೆಗಳನ್ನು ಪರೀಕ್ಷಿಸುವ ನೆಪದಲ್ಲಿ ರಾಜನನ್ನು ದೂರ ಸುತ್ತಾಡಿಸಿ, ದಣಿದಾಗ ಅವರು ತಂಗಿದ್ದ ಉದ್ಯಾನಕ್ಕೇ ಕರೆತಂದನು. ಹೀಗೆ ಆಸ್ತಿಕ ನಾಸ್ತಿಕರಿಬ್ಬರು ಮುಖಾಮುಖಿಯಾದರು.

ಪ್ರದೇಶಿಯು ಮುಂದಿಟ್ಟ ಮಾತುಗಳು ಶುಷ್ಕ ತರ್ಕದಿಂದ ಆರಂಭವಾಗುವುದಿಲ್ಲವೆಂಬುದು ಗಮನಾರ್ಹ. ಮೊದಲು ಅವನು ಹೇಳುವುದು ತನ್ನ ಅಜ್ಜನ ವಿಷಯ. ಅಜ್ಜನು ಅಧರ್ಮಿಯಾಗಿದ್ದನು, ನಿಮ್ಮ ಮತದಂತೆ ಅವನು ನರಕಕ್ಕೆ ಹೋಗಿರಬೇಕು. ಆದರೆ ನಾನು ಅವನಿಗೆ ಅತ್ಯಂತ ಪ್ರಿಯನಾಗಿದ್ದೆ. ನರಕವೆಂಬುದು ಇದ್ದಿದ್ದರೆ, 'ಮಗು, ನನ್ನಂತೆ ನಡೆಯಬೇಡ' ಎಂದು ಎಚ್ಚರಿಸಲು ಅವನು ಬಾರದೆ ಇರುತ್ತಿದ್ದನೆ? ಅನಂತರ ಅಜ್ಜಿಯ ಮಾತು. ಅವಳು ಧರ್ಮಿಷ್ಠೆ, ಶ್ರಮಣೋಪಾಸಿಕೆ, ಸ್ವರ್ಗ ಸೇರಿರಬೇಕು. ಅವಳಿಗೂ ನಾನು ಪ್ರಿಯನೇ. ಅವಳೂ ಬಂದು ಹೇಳಲಿಲ್ಲ. ಈ ಮಾತುಗಳನ್ನು ಸಮಾಧಾನದಿಂದ ಓದಿದರೆ, ಅಹಂಕಾರಿಯಾದ ಅರಸನ ಹಿಂದೆ ಸತ್ತವರ ದಾರಿ ಕಾಯುತ್ತ ಕುಳಿತ ಒಬ್ಬ ಮೊಮ್ಮಗನು ಕಾಣಿಸುತ್ತಾನೆ. ಯಾರೂ ಬರಲಿಲ್ಲ, ಆದ್ದರಿಂದ ಯಾರೂ ಇಲ್ಲವೆಂದು ಅವನು ನಿರ್ಣಯಿಸಿದನು. ಅವನ ನಾಸ್ತಿಕ್ಯದ ಮೂಲದಲ್ಲಿ ಪ್ರೀತಿಯೂ ನಿರಾಶೆಯೂ ಇವೆ.

ಕೇಶಿಯವರು ಇದನ್ನು ಹಗುರವಾಗಿ ಕಾಣಲಿಲ್ಲ. ನಿನ್ನ ರಾಣಿಯೊಡನೆ ತಪ್ಪಿ ನಡೆದವನೊಬ್ಬನು ಸಿಕ್ಕಿಬಿದ್ದು, 'ನನ್ನ ಬಂಧುಗಳಿಗೆ ಬುದ್ಧಿ ಹೇಳಿ ಬರುತ್ತೇನೆ, ಕ್ಷಣಕಾಲ ಬಿಡು' ಎಂದರೆ ನೀನು ಬಿಡುವೆಯಾ ಎಂದು ಕೇಳಿದರು. ಬಿಡಲಾರೆ ಎಂದನು ರಾಜ. ನರಕದಲ್ಲಿರುವ ಜೀವಕ್ಕೂ ಅಂಥದೇ ಪರಾಧೀನತೆಯಿದೆ ಎಂದರು. ರಾಜನ ಪ್ರಪಂಚದಿಂದಲೇ ಉದಾಹರಣೆಯನ್ನು ಆರಿಸಿ, ರಾಜನ ಬಾಯಿಂದಲೇ ಉತ್ತರವನ್ನು ಪಡೆದರು.

ಆಮೇಲೆ ಪ್ರದೇಶಿಯು ತನ್ನ ಪ್ರಯೋಗಗಳನ್ನು ವಿವರಿಸುತ್ತಾನೆ. ಅವು ಕ್ರೂರವಾದವು. ಕಳ್ಳನೊಬ್ಬನನ್ನು ಲೋಹದ ಪಾತ್ರೆಯಲ್ಲಿ ಹಾಕಿ ಬಾಯಿ ಮುಚ್ಚಿಸಿದ್ದನು. ಅವನು ಸತ್ತನು, ಆದರೆ ಜೀವ ಹೊರಬಿದ್ದ ರಂಧ್ರ ಕಾಣಲಿಲ್ಲ. ಇನ್ನೊಬ್ಬನನ್ನು ಸಾಯುವ ಮೊದಲೂ ಸತ್ತ ಮೇಲೂ ತೂಗಿಸಿದನು, ತೂಕದಲ್ಲಿ ವ್ಯತ್ಯಾಸವಿರಲಿಲ್ಲ. ಮತ್ತೊಬ್ಬನನ್ನು ತುಂಡು ತುಂಡಾಗಿ ಸೀಳಿಸಿ ನೋಡಿದನು, ಜೀವ ಸಿಗಲಿಲ್ಲ. ಕೇಶಿಯವರ ಉತ್ತರಗಳು ಪ್ರಸಿದ್ಧವಾದವು. ಮುಚ್ಚಿದ ಮನೆಯೊಳಗೆ ಬಾರಿಸಿದ ಭೇರಿಯ ಶಬ್ದ ರಂಧ್ರವಿಲ್ಲದೆಯೇ ಹೊರಗೆ ಕೇಳಿಸುತ್ತದೆ. ಗಾಳಿ ತುಂಬಿದ ಚರ್ಮದ ಚೀಲವೂ ಬರಿಯ ಚೀಲವೂ ಒಂದೇ ತೂಕ. ಅರಣಿಯ ಕಟ್ಟಿಗೆಯಲ್ಲಿ ಬೆಂಕಿಯಿದೆಯೆಂದು ಅದನ್ನು ಸೀಳುತ್ತ ಹೋದವನಿಗೆ ಬೆಂಕಿ ದೊರೆಯದು, ಮಥಿಸಿದವನಿಗೆ ದೊರೆಯುತ್ತದೆ.

ಇಲ್ಲಿ ಪ್ರಾಮಾಣಿಕವಾಗಿ ಒಂದು ಮಾತನ್ನು ಹೇಳಬೇಕು. ಗಾಳಿಗೂ ತೂಕವಿದೆಯೆಂಬುದನ್ನು ಇಂದು ಶಾಲೆಯ ಮಕ್ಕಳೂ ಬಲ್ಲರು. ಆ ದೃಷ್ಟಾಂತವು ಭೌತಶಾಸ್ತ್ರದ ಮುಂದೆ ನಿಲ್ಲುವುದಿಲ್ಲ. ನಮ್ಮ ಮಕ್ಕಳು ಅದನ್ನು ಎತ್ತಿ ತೋರಿಸಿದರೆ ಕೋಪಿಸಿಕೊಳ್ಳುವ ಕಾರಣವಿಲ್ಲ. ದೃಷ್ಟಾಂತಗಳು ಆಯಾ ಕಾಲದ ತಿಳಿವಳಿಕೆಯಿಂದ ಹುಟ್ಟುತ್ತವೆ. ಕಾಲ ಕಳೆದರೂ ಕೆಡದಿರುವುದು ಕೇಶಿಯವರ ಕೇಳುವ ಕ್ರಮ. ಎದುರಿನವನು ಏನನ್ನು ಕಂಡು, ಏನನ್ನು ಮಾಡಿ, ಈ ನಿಲುವಿಗೆ ಬಂದನೆಂಬುದನ್ನು ಕೊನೆಯವರೆಗೆ ಹೇಳಗೊಟ್ಟು, ಒಂದೊಂದಕ್ಕೂ ಪ್ರತ್ಯೇಕವಾಗಿ ಉತ್ತರ ಕೊಟ್ಟರು.

ಮಧ್ಯದಲ್ಲಿ ಒಮ್ಮೆ ಕೇಶಿಯವರು ರಾಜನನ್ನು ಮೂಢನೆಂದು ಕರೆಯುತ್ತಾರೆ. ತುಂಬಿದ ಸಭೆಯಲ್ಲಿ ಹೀಗೆ ಕಠೋರವಾಗಿ ನುಡಿಯುವುದು ನಿಮ್ಮಂಥ ಜ್ಞಾನಿಗಳಿಗೆ ಉಚಿತವೆ ಎಂದು ರಾಜನು ಆಕ್ಷೇಪಿಸುತ್ತಾನೆ. ಆಗಮವು ಈ ಆಕ್ಷೇಪವನ್ನು ಮುಚ್ಚಿಡದೆ ದಾಖಲಿಸಿದೆ. ಸಂವಾದದಲ್ಲಿ ನೊಂದವನಿಗೂ ಮಾತನಾಡುವ ಅಧಿಕಾರವಿದೆಯೆಂದು ಇದರಿಂದ ತಿಳಿಯುತ್ತದೆ.

ಕಡೆಗೆ ಪ್ರದೇಶಿಯು, ಇದು ನನ್ನ ಅಜ್ಜ ಅಪ್ಪಂದಿರಿಂದ ಬಂದ ಮತ, ಹೇಗೆ ಬಿಡಲಿ ಎನ್ನುತ್ತಾನೆ. ಆಗ ಕೇಶಿಯವರು ಹೇಳುವುದು ವ್ಯಾಪಾರಿಗಳ ಕಥೆ. ದಾರಿಯಲ್ಲಿ ಕಬ್ಬಿಣ ಸಿಕ್ಕಿತು, ಎಲ್ಲರೂ ಹೊತ್ತರು. ಮುಂದೆ ತಾಮ್ರ, ಬೆಳ್ಳಿ, ಚಿನ್ನ, ರತ್ನ, ಕೊನೆಗೆ ವಜ್ರ ಸಿಕ್ಕುತ್ತ ಹೋದಂತೆ ಉಳಿದವರು ಹಿಂದಿನದನ್ನು ಇಳಿಸಿ ಮುಂದಿನದನ್ನು ಹೊತ್ತರು. ಒಬ್ಬನು ಮಾತ್ರ, ಇಷ್ಟು ದೂರ ಹೊತ್ತಿದ್ದೇನೆಂದು ಕಬ್ಬಿಣವನ್ನೇ ಹೊತ್ತು ಮನೆಗೆ ಬಂದು ಪಶ್ಚಾತ್ತಾಪಪಟ್ಟನು. ಬೌದ್ಧರ ದೀಘನಿಕಾಯದ ಪಾಯಾಸಿ ಸುತ್ತದಲ್ಲಿಯೂ ಇಂಥದೇ ಸಂವಾದವಿದೆ. ಅಲ್ಲಿ ಕಬ್ಬಿಣದ ಬದಲು ಸೆಣಬಿನ ಹೊರೆ. ವ್ಯಾಪಾರಿಯಾದ ನನಗೆ ಈ ಕಥೆ ಎರಡೂ ಕಡೆಗೆ ತಾಗುತ್ತದೆ. ಪಿತ್ರಾರ್ಜಿತವೆಂಬ ಒಂದೇ ಕಾರಣಕ್ಕೆ ಹೊರುವ ನಂಬಿಕೆಯೂ ಕಬ್ಬಿಣದ ಹೊರೆಯೇ ಆಗಬಹುದು. ಕಥೆಯು ನಾಸ್ತಿಕನಿಗೆ ಹೇಳಿದ್ದಾದರೂ ಆಸ್ತಿಕನನ್ನು ಬಿಡುವುದಿಲ್ಲ.

ಶ್ರಾವಕನಾದ ಪ್ರದೇಶಿಯು ತನ್ನ ಏಳು ಸಾವಿರ ಗ್ರಾಮಗಳ ಉತ್ಪತ್ತಿಯನ್ನು ನಾಲ್ಕು ಪಾಲು ಮಾಡಿ, ಒಂದು ಪಾಲನ್ನು ದಾನಶಾಲೆಗೆ ಮೀಸಲಿಟ್ಟನೆಂದು ಗ್ರಂಥವು ಹೇಳುತ್ತದೆ. ಅಲ್ಲಿ ಶ್ರಮಣರಿಗೂ ಬ್ರಾಹ್ಮಣರಿಗೂ ಭಿಕ್ಷುಕರಿಗೂ ದಾರಿಹೋಕರಿಗೂ ಅನ್ನವಿತ್ತು. ಉಣ್ಣುವವನ ಮತವನ್ನು ಕೇಳುವ ಪದ್ಧತಿ ಇರಲಿಲ್ಲ.

ದಿಗಂಬರ ಪರಂಪರೆಯಲ್ಲೂ ಇಂಥ ಪ್ರಸಂಗವಿದೆ. 9ನೆಯ ಶತಮಾನದ ಜಿನಸೇನಾಚಾರ್ಯರ ಆದಿಪುರಾಣದಲ್ಲಿ, ಮುಂದೆ ಆದಿನಾಥನಾಗಲಿರುವ ಜೀವವು ಮಹಾಬಲನೆಂಬ ವಿದ್ಯಾಧರ ರಾಜನಾಗಿರುತ್ತದೆ. 941ರಲ್ಲಿ ಪಂಪನು ಕನ್ನಡದಲ್ಲಿ ರಚಿಸಿದ ಆದಿಪುರಾಣದ ಮೂಲಕ ಈ ಕಥೆ ನಮ್ಮ ನಾಡಿನಲ್ಲಿ ಮನೆಮಾತಾಯಿತು. ಆ ರಾಜನಿಗೆ ನಾಲ್ವರು ಮಂತ್ರಿಗಳು. ಸ್ವಯಂಬುದ್ಧನು ಸಮ್ಯಗ್ದೃಷ್ಟಿ, ಉಳಿದ ಮೂವರಲ್ಲಿ ಮಹಾಮತಿಯು ಭೂತವಾದವನ್ನು, ಸಂಭಿನ್ನಮತಿಯು ವಿಜ್ಞಾನವಾದವನ್ನು, ಶತಮತಿಯು ಶೂನ್ಯವಾದವನ್ನು ಹಿಡಿದವರು. ಮೂವರೂ ತಂತಮ್ಮ ವಾದವನ್ನು ತುಂಬಿದ ಸಭೆಯಲ್ಲಿ ಮಂಡಿಸುತ್ತಾರೆ. ಹೆಚ್ಚು ಮನಮುಟ್ಟುವುದು ಮುಂದಿನ ಭಾಗ. ಅನೇಕ ಕಾಲದ ಮೇಲೆ, ಶ್ರೀಧರದೇವನಾಗಿ ಹುಟ್ಟಿದ ಅದೇ ಮಹಾಬಲನ ಜೀವವು, ಆ ಮೂವರು ಈಗ ಎಲ್ಲಿದ್ದಾರೆಂದು ಕೇವಲಿಗಳನ್ನು ಕೇಳುತ್ತದೆ. ಶತಮತಿಯು ನರಕದಲ್ಲಿರುವುದನ್ನು ತಿಳಿದು ಅಲ್ಲಿಗೇ ಹೋಗಿ ಅವನಿಗೆ ಧರ್ಮವನ್ನು ಬೋಧಿಸುತ್ತದೆ. ಭಿನ್ನಮತದವನನ್ನು ಮರೆತುಬಿಡುವುದು ಸುಲಭವಾಗಿತ್ತು. ಪುರಾಣಕಾರರು ದೇವನನ್ನೇ ನರಕಕ್ಕೆ ಇಳಿಸಿದರು.

ಗ್ರಂಥಗಳ ಕಾಲದಿಂದ ಈಚೆಗೆ ಬಂದರೆ, ಇಪ್ಪತ್ತನೆಯ ಶತಮಾನದಲ್ಲಿ ಇಂಥ ಸಂವಾದವನ್ನು ನಡೆಸಿದವರು ಗಾಂಧೀಜಿ. ಅವರಿಗೆ ಈ ಗುಣ ಹುಟ್ಟಿನಿಂದ ಬಂದದ್ದಲ್ಲ. 1891ರಲ್ಲಿ, ಲಂಡನ್ನಿನಲ್ಲಿ ಓದುತ್ತಿದ್ದಾಗ, ಪ್ರಸಿದ್ಧ ನಾಸ್ತಿಕ ಚಾರ್ಲ್ಸ್ ಬ್ರಾಡ್ಲಾ ಅವರ ಅಂತ್ಯಸಂಸ್ಕಾರಕ್ಕೆ ಅವರು ಹೋಗಿದ್ದರು. ಹಿಂದಿರುಗುವಾಗ ರೈಲು ನಿಲ್ದಾಣದಲ್ಲಿ ಒಬ್ಬ ನಾಸ್ತಿಕನು ಪಾದ್ರಿಯೊಬ್ಬರನ್ನು ದೇವರ ಗಾತ್ರವೆಷ್ಟೆಂದು ಕೇಳಿ ಹಂಗಿಸಿದ್ದನ್ನು ಕಂಡರು. ಅದರಿಂದ ನಾಸ್ತಿಕ್ಯದ ಬಗ್ಗೆ ತಮಗಿದ್ದ ಅರುಚಿ ಹೆಚ್ಚಿತೆಂದು ಆತ್ಮಕಥೆಯಲ್ಲಿ ಬರೆದಿದ್ದಾರೆ. ಗೆಲ್ಲುವುದಕ್ಕಾಗಿ ಆಡಿದ ಮಾತು ಕೇಳುವವನ ಮನಸ್ಸನ್ನು ಮುಚ್ಚಿಸಿತು.

ಅದೇ ವರ್ಷ ಮುಂಬಯಿಗೆ ಮರಳಿದಾಗ ಅವರಿಗೆ ಶ್ರೀಮದ್ ರಾಜಚಂದ್ರರ ಪರಿಚಯವಾಯಿತು. ರಾಜಚಂದ್ರರು ವಜ್ರ ಮುತ್ತುಗಳ ವ್ಯಾಪಾರಿ, ಜೈನ ಸಾಧಕ. 1894ರಲ್ಲಿ ಗಾಂಧೀಜಿ ದಕ್ಷಿಣ ಆಫ್ರಿಕದಿಂದ ತಮ್ಮ ಸಂದೇಹಗಳನ್ನು 27 ಪ್ರಶ್ನೆಗಳಾಗಿ ಬರೆದು ಕಳುಹಿದರು. ಈಶ್ವರನು ಜಗತ್ಕರ್ತನಲ್ಲ, ಕರ್ಮಮುಕ್ತವಾದ ಆತ್ಮವೇ ಈಶ್ವರ ಎಂಬ ಉತ್ತರ ಬಂತು. ಕರ್ತೃವನ್ನು ಒಪ್ಪದೆಯೂ ಒಬ್ಬನು ಪರಮಧಾರ್ಮಿಕನಾಗಿರಬಲ್ಲನೆಂಬುದನ್ನು ಅವರು ಒಬ್ಬ ಜೈನ ವರ್ತಕನಲ್ಲಿ ಪ್ರತ್ಯಕ್ಷ ಕಂಡರು. 1926ರಲ್ಲಿ 'ಯಂಗ್ ಇಂಡಿಯ' ಪತ್ರಿಕೆಯಲ್ಲಿ ಅನೇಕಾಂತದ ವಿಷಯ ಬರೆಯುತ್ತ, ಕರ್ತೃತ್ವವನ್ನು ನಿರಾಕರಿಸುವ ಜೈನರೂ ಅದನ್ನು ಸ್ಥಾಪಿಸುವ ರಾಮಾನುಜರೂ ತಂತಮ್ಮ ದೃಷ್ಟಿಯಿಂದ ಸರಿಯೆಂದರು. 1931ರಲ್ಲಿ ಸ್ವಿಟ್ಜರ್ಲೆಂಡಿನ ಸಭೆಯೊಂದರಲ್ಲಿ, ತಾವು 'ದೇವರೇ ಸತ್ಯ' ಎಂಬ ಮಾತಿನಿಂದ 'ಸತ್ಯವೇ ದೇವರು' ಎಂಬ ಮಾತಿಗೆ ಬಂದುದನ್ನು ವಿವರಿಸಿದರು. ಸತ್ಯವನ್ನು ನಾಸ್ತಿಕನೂ ನಿರಾಕರಿಸುವುದಿಲ್ಲವೆಂಬುದು ಅದಕ್ಕೆ ಅವರು ಕೊಟ್ಟ ಕಾರಣಗಳಲ್ಲೊಂದು.

ಈ ಮಾತಿನ ಪರೀಕ್ಷೆ ಆಂಧ್ರದ ಗೋಪರಾಜು ರಾಮಚಂದ್ರರಾವ್ ಅವರ ರೂಪದಲ್ಲಿ ಬಂತು. ಗೋರಾ ಎಂದು ಪ್ರಸಿದ್ಧರಾದ ಇವರು 1902ರಲ್ಲಿ ಜನಿಸಿದವರು, ಸಸ್ಯಶಾಸ್ತ್ರದ ಅಧ್ಯಾಪಕರು. ನಾಸ್ತಿಕ ವಿಚಾರಗಳಿಗಾಗಿ 1933ರಲ್ಲಿ ಕೆಲಸ ಕಳೆದುಕೊಂಡರು. 1940ರಲ್ಲಿ ಕೃಷ್ಣಾ ಜಿಲ್ಲೆಯ ಮುದುನೂರಿನಲ್ಲಿ ನಾಸ್ತಿಕ ಕೇಂದ್ರವನ್ನು ಸ್ಥಾಪಿಸಿ, ಅಸ್ಪೃಶ್ಯತಾ ನಿವಾರಣೆಗಾಗಿ ಸಹಭೋಜನಗಳನ್ನು ನಡೆಸಿದರು. 1930ರಲ್ಲಿಯೇ ಅವರು ದೇವರೆಂಬ ಪದದ ಅರ್ಥವೇನೆಂದು ಗಾಂಧೀಜಿಗೆ ಪತ್ರ ಬರೆದಿದ್ದರು. 1941ರಲ್ಲಿ ಭೇಟಿಗೆ ಅವಕಾಶ ಕೇಳಿದಾಗ, ಬರಿಯ ಮಾತಿಗೆ ಸಮಯವಿಲ್ಲವೆಂಬ ಉತ್ತರ ಬಂತು. ಅವರ ಕೆಲಸದ ಪರಿಚಯವಾದ ಮೇಲೆ, 1944ರಲ್ಲಿ, ಸೇವಾಗ್ರಾಮಕ್ಕೆ ಕರೆ ಬಂತು.

ಅಲ್ಲಿ ಗೋರಾ ಸಿದ್ಧಾಂತವನ್ನು ಮಾತ್ರ ಹೇಳದೆ, ಹಿಂದಿನ ವರ್ಷ ಬಂಗಾಳದ ಕ್ಷಾಮದಲ್ಲಿ ಕಲ್ಕತ್ತೆಯ ಬೀದಿಗಳಲ್ಲಿ ಕಂಡುದನ್ನು ಹೇಳಿದರು. ಹಸಿದವರು ತಿಂಡಿ ಹಣ್ಣುಗಳು ತುಂಬಿದ ಅಂಗಡಿಗಳ ಪಕ್ಕದಲ್ಲೇ ಬಿದ್ದು ಸತ್ತರು, ಕೈಚಾಚಿ ತೆಗೆದುಕೊಳ್ಳಲಿಲ್ಲ. ಎಲ್ಲವೂ ದೈವೇಚ್ಛೆ, ಹಣೆಬರಹ ಎಂಬ ನಂಬಿಕೆ ಅವರನ್ನು ನಿಶ್ಚೇಷ್ಟಿತರನ್ನಾಗಿ ಮಾಡಿತ್ತೆಂಬುದು ಗೋರಾ ಅವರ ನಿರ್ಣಯ. ಗಾಂಧೀಜಿ ಕೇಳಿದರು. ತಮ್ಮ ಆಸ್ತಿಕ್ಯವೇ ಸರಿಯೆಂದಾಗಲಿ ಗೋರಾ ಅವರ ನಾಸ್ತಿಕ್ಯ ತಪ್ಪೆಂದಾಗಲಿ ತಾವು ಹೇಳಲಾರೆವು, ಇಬ್ಬರೂ ಸತ್ಯವನ್ನು ಅರಸುವವರು ಎಂಬ ಅರ್ಥದ ಮಾತನ್ನಾಡಿದರು. ಪರಸ್ಪರ ವಿಶ್ವಾಸ ಎಷ್ಟು ಬೆಳೆಯಿತೆಂದರೆ, ಹರಿಜನ ಯುವಕನೊಡನೆ ಗೋರಾ ಅವರ ಮಗಳ ವಿವಾಹವನ್ನು ಸೇವಾಗ್ರಾಮದಲ್ಲಿ ನಡೆಸಲು ಗಾಂಧೀಜಿ ಒಪ್ಪಿದರು. ವಿಧಿಯಲ್ಲಿ ದೇವರ ಹೆಸರಿದ್ದಲ್ಲಿ ಸತ್ಯವೆಂದು ಹೇಳಲೂ ಸಮ್ಮತಿಸಿದರು. 1948ರ ಜನವರಿಯಲ್ಲಿ ಅವರ ಹತ್ಯೆಯಾಯಿತು. ಮಾರ್ಚಿಯಲ್ಲಿ ಆ ವಿವಾಹ ಸೇವಾಗ್ರಾಮದಲ್ಲಿಯೇ ನಡೆಯಿತು. ಗೋರಾ ಬರೆದ ಈ ಸಂವಾದದ ನೆನಪುಗಳನ್ನು ಗಾಂಧೀಜಿಯವರೇ ಆರಂಭಿಸಿದ ನವಜೀವನ ಸಂಸ್ಥೆಯು 1951ರಲ್ಲಿ ಪ್ರಕಟಿಸಿತು. ಗೋರಾ ಕೊನೆಯವರೆಗೂ ನಾಸ್ತಿಕರಾಗಿಯೇ ಉಳಿದು 1975ರಲ್ಲಿ ನಿಧನರಾದರು.

ಪ್ರದೇಶಿಯು ಮನಸ್ಸು ಬದಲಿಸಿದನು, ಗೋರಾ ಬದಲಿಸಲಿಲ್ಲ. ಎರಡೂ ಸಂವಾದಗಳು ಸಾರ್ಥಕವೇ ಆದವು. ಈ ಮಾತನ್ನು ನಾನು ತಡವಾಗಿ ಕಲಿತೆನಾದ್ದರಿಂದ, ಸಂಕೋಚದಿಂದಲೇ ನನ್ನದೊಂದು ತಪ್ಪನ್ನು ಇಲ್ಲಿ ಹೇಳಬೇಕಾಗಿದೆ.

ನಮ್ಮ ಬಂಧುವರ್ಗದ ಒಬ್ಬನು ಒಂದು ಧರ್ಮಸಂಸ್ಥೆಯ ವಿದ್ಯಾರ್ಥಿನಿಲಯದ ಲೆಕ್ಕವನ್ನು ಅನೇಕ ವರ್ಷ ಒಂದು ಪೈಸೆಯ ವ್ಯತ್ಯಾಸವಿಲ್ಲದೆ ಬರೆದವನು. ಅವನ ನಾಲ್ಕು ವರ್ಷದ ಮಗಳು ಜ್ವರದಿಂದ ತೀರಿಹೋದಳು. ಆ ಬಳಿಕ ಅವನು ಬಸದಿಗೆ ಬರುವುದನ್ನು ನಿಲ್ಲಿಸಿದನು, ಕೇಳಿದವರಿಗೆ ತನಗೆ ನಂಬಿಕೆಯಿಲ್ಲವೆಂದನು. ಶ್ರದ್ಧೆಯಿಲ್ಲದವನ ಕೈಯಲ್ಲಿ ಧರ್ಮದ ಲೆಕ್ಕವೇಕೆ ಎಂಬ ಮಾತು ಸಭೆಯಲ್ಲಿ ಬಂತು. ನಾನು ಆ ಸಭೆಯಲ್ಲಿದ್ದೆ, ಮೌನವಾಗಿದ್ದೆ. ಅವನು ಪುಸ್ತಕಗಳನ್ನು ಒಪ್ಪಿಸಿ ಹೊರಟುಹೋದನು. ಮುಂದೆ ಹತ್ತು ವರ್ಷ ನಾನು ಅವನಿಗೆ ಕರ್ಮಸಿದ್ಧಾಂತದ ಗ್ರಂಥಗಳನ್ನು ಕಳುಹಿಸುತ್ತಿದ್ದೆ. ಒಂದು ದೀಪಾವಳಿಯ ಸಂಜೆ ಅಂಗಡಿಯಲ್ಲಿ, ಗ್ರಂಥಗಳ ಮಾತು ಬಿಟ್ಟು, ಅಂದು ಏನಾಯಿತೆಂದು ಕೇಳಿದೆ. ಮಗುವಿನ ದೇಹ ಇನ್ನೂ ಮನೆಯಲ್ಲಿರುವಾಗಲೇ ಹಿರಿಯರೊಬ್ಬರು ಇದು ಪೂರ್ವಜನ್ಮದ ಕರ್ಮಫಲವೆಂದರಂತೆ. 'ಸಾಲವಿದೆ ಎಂದಿರಿ, ಖಾತೆಯ ಪುಟವನ್ನು ಯಾರೂ ತೋರಿಸಲಿಲ್ಲ. ನಾಲ್ಕು ವರ್ಷದ ಮಗುವಿಗೆ ಬಡ್ಡಿ ಹಾಕುವ ಲೆಕ್ಕವನ್ನು ನಾನು ಬರೆಯಲಾರೆ' ಎಂದನು.

ನನ್ನಲ್ಲಿ ಉತ್ತರವಿರಲಿಲ್ಲ. ಕರ್ಮಸಿದ್ಧಾಂತದಲ್ಲಿ ನನಗಿರುವ ಶ್ರದ್ಧೆ ಅಲುಗಲಿಲ್ಲ. ಆದರೆ ಅದನ್ನು ಆ ಮನೆಯಲ್ಲಿ ಆ ಗಳಿಗೆಯಲ್ಲಿ ನುಡಿದದ್ದು ಭಾಷಾಸಮಿತಿಗೆ ವಿರುದ್ಧವಾಗಿತ್ತೆಂದು ತಿಳಿಯಿತು. ಹಿತ, ಮಿತ, ಪ್ರಿಯವೆಂಬ ಮೂರು ಲಕ್ಷಣಗಳಲ್ಲಿ ಒಂದೂ ಅದಕ್ಕಿರಲಿಲ್ಲ. ಅವನು ಇಂದಿಗೂ ಬಸದಿಗೆ ಬರುವುದಿಲ್ಲ. ನಮ್ಮ ಮನೆಗೆ ಬರುತ್ತಾನೆ.

ಸ್ಥಿತಿಕರಣವನ್ನು ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ಒಂದಾಗಿ ನಾವು ಪಠಿಸುತ್ತೇವೆ. ಜಾರಿದವನನ್ನು ಎತ್ತಿ ನಿಲ್ಲಿಸಬೇಕಾದರೆ ಅವನು ಎಲ್ಲಿ ಜಾರಿದನೆಂದು ಮೊದಲು ತಿಳಿಯಬೇಕು. ಅವನು ಜಾರಿಯೇ ಇಲ್ಲ, ಬೇರೆ ದಾರಿ ಹಿಡಿದಿದ್ದಾನೆ ಎಂಬುದೂ ತಿಳಿದುಬರಬಹುದು. ನಮ್ಮ ಧರ್ಮಸಂಸ್ಥೆಗಳು ಒಬ್ಬನ ಪ್ರಾಮಾಣಿಕತೆಯನ್ನು ಅವನ ಬಸದಿಯ ಹಾಜರಿಯಿಂದ ಅಳೆಯುವುದನ್ನು ಬಿಡಬೇಕು. ಮನೆಗಳಲ್ಲಿ ಹಿರಿಯರು ಉತ್ತರ ಕೊಡುವ ಮೊದಲು, ನಿನಗೆ ಹೀಗೆ ಅನಿಸಿದ್ದು ಯಾವಾಗಿನಿಂದ ಎಂದು ಒಮ್ಮೆ ಕೇಳಬೇಕು. ಕೇಶಿ ಕುಮಾರರು ಪ್ರದೇಶಿಯ ಅಜ್ಜನ ಕಥೆಯನ್ನು ಪೂರ್ತಿ ಕೇಳಿದ ಮೇಲೆಯೇ ಮಾತಿಗೆ ತೊಡಗಿದರು.