ಕಪಾಲಾಸ್ಥಿಗಳು

ಮಾನವನ ಮಿದುಳನ್ನು ಸುತ್ತುವರಿದು ರಕ್ಷಿಸುವ 8 ಮೂಳೆಗಳು. ಹಣೆಯಲ್ಲಿ ಲಲಾಟಾಸ್ಥಿ, ನೆತ್ತಿಯ ಇಕ್ಕೆಲಗಳಲ್ಲಿ ಎರಡು ಪಾರ್ಶ್ವಕಪಾಲಾಸ್ಥಿಗಳು, ಕಿವಿಗಳ ಬಳಿ ಎರಡು ಶಂಖಾಸ್ಥಿಗಳು, ಹಿಂದಲೆಯಲ್ಲಿ ಬೆನ್ನುಹುರಿಗೆ ದಾರಿಗೊಡುವ ಮಹಾರಂಧ್ರವನ್ನುಳ್ಳ ಪಶ್ಚಾತ್ಕಪಾಲಾಸ್ಥಿ, ತಳದಲ್ಲಿ ರೆಕ್ಕೆ ಬಿಚ್ಚಿದ ಬಾವಲಿಯನ್ನು ಹೋಲುವ ಜತೂಕಾಸ್ಥಿ, ಅದರ ಮುಂದೆ ಘ್ರಾಣತಂತುಗಳು ತೂರಿಹೋಗುವ ಸೂಕ್ಷ್ಮರಂಧ್ರಗಳ ಝರ್ಝರಾಸ್ಥಿ.

ಪ್ರಾಯದವರಲ್ಲಿ ಈ ಮೂಳೆಗಳ ಅಂಚುಗಳು ಡೊಂಕುಡೊಂಕಾಗಿ ಒಂದರೊಳಗೊಂದು ಹೆಣೆದುಕೊಂಡು ಅಚಲವಾದ ಸೀವನಿಗಳಾಗಿರುವುವಾದರೂ, ನವಜಾತ ಶಿಶುವಿನಲ್ಲಿ ಅವುಗಳ ನಡುವೆ ಮೃದುವಾದ ಪೊರೆಯಷ್ಟೇ ಇದ್ದು, ಪ್ರಸವಕಾಲದಲ್ಲಿ ಒಂದರ ಮೇಲೊಂದು ಸರಿದು ಶಿರಸ್ಸಿಗೆ ಇಕ್ಕಟ್ಟಾದ ಮಾರ್ಗವನ್ನು ಸುಗಮಗೊಳಿಸುವ ಏರ್ಪಾಡು ನಿಜವಾಗಿಯೂ ಬೆರಗುಗೊಳಿಸುವಂಥದು. ಎಣ್ಣೆಯೊತ್ತುವ ತಾಯಿಯ ಬೆರಳಿಗೆ ಮಿಡಿತವಾಗಿ ತಗಲುವ ಮುಂನೆತ್ತಿಯ ಈ ಮೆತ್ತನೆಯ ಭಾಗವು ಸಾಮಾನ್ಯವಾಗಿ ಒಂದೂವರೆ ವರ್ಷದ ಸುಮಾರಿಗೆ ಮುಚ್ಚಿಕೊಳ್ಳುವುದು. ಹಿಂನೆತ್ತಿಯದು ಕೆಲವೇ ತಿಂಗಳುಗಳಲ್ಲಿ. ವಾಂತಿಭೇದಿಯಿಂದ ನೀರಿನಂಶ ಕುಂದಿದ ಕೂಸಿನಲ್ಲಿ ಮುಂನೆತ್ತಿಯ ಮೆತ್ತನೆಯ ಭಾಗವು ಒಳಕ್ಕೆ ಕುಸಿಯುವುದುಂಟು.

ಲಲಾಟ, ಪಾರ್ಶ್ವ, ಶಂಖ, ಜತೂಕಗಳೆಂಬ ನಾಲ್ಕು ಮೂಳೆಗಳು ಸಂಧಿಸುವ ಕಣತಲೆಯ ಪ್ರದೇಶವು ತೀರ ತೆಳುವಾದುದು. ಅದರ ಒಳಮೈಯಲ್ಲಿ ಮಿದುಳಿನ ಹೊದಿಕೆಗೆ ರಕ್ತವನ್ನೊಯ್ಯುವ ಧಮನಿಯೊಂದು ಹರಿಯುವುದರಿಂದ, ಅಲ್ಲಿ ಬಲವಾದ ಪೆಟ್ಟು ಬಿದ್ದವನು ಒಡನೆಯೇ ಎದ್ದು ನಡೆದಾಡಿದರೂ ಅವನನ್ನು ವೈದ್ಯರಿಗೆ ತೋರಿಸತಕ್ಕದ್ದು.